ಹಿತ್ತಲಿನ ಸೊಪ್ಪು, ಮನೆಮಂದಿಯ ಕಾಯಕ

ಶ್ರೀಮಠದ ದಾಸೋಹದಲ್ಲಿ ಪ್ರಸಾದಕ್ಕೆ ಕುಳಿತಾಗ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದ ಸದ್ಭಕ್ತರು, ಮನೆಗೆ ಮರಳಿದ ಮೇಲೆ ಉಣ್ಣುವ ಅನ್ನವು ಯಾವ ಮಣ್ಣಿನಿಂದ, ಯಾರ ಕೈಯಿಂದ ಬಂದಿತೆಂಬುದನ್ನು ಮರೆಯುವುದುಂಟು. ಈ ಮರೆವಿಗೆ ನಾವೂ ಹೊರತಾಗಿರಲಿಲ್ಲ. ಆ ಮಾತನ್ನೇ ಈ ತಿಂಗಳು ಹೇಳಬಯಸುತ್ತೇವೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ಕಾರು ನಿಲ್ಲಿಸಲು ಜಾಗ ಸಾಲದೆಂದು ನಮ್ಮ ಮನೆಯ ಹಿತ್ತಲಿಗೆ ಸಿಮೆಂಟು ಹಾಕಿಸಿದೆವು. ತಾಯಿಯವರು ನೆಟ್ಟಿದ್ದ ನುಗ್ಗೆಮರ, ಬಚ್ಚಲ ನೀರಿಗೆ ಬೆಳೆಯುತ್ತಿದ್ದ ಪುಂಡಿ, ರಾಜಗಿರಿ ಎಲ್ಲವೂ ಹೋದವು. ಅದೇ ದಿನಗಳಲ್ಲಿ ಚಿಕಿತ್ಸಾಲಯದಲ್ಲಿ ಕುಳಿತು, ರಕ್ತಹೀನತೆಯಿಂದ ಬಳಲಿ ಬಂದವರ ಚೀಟಿಯ ಕೆಳಗೆ ‘ನಿತ್ಯ ಸೊಪ್ಪು ತಿನ್ನಿರಿ’ ಎಂದು ಬರೆಯುತ್ತಿದ್ದೆವು. ಸೊಸೆಯನ್ನು ಕರೆತಂದಿದ್ದ ಅಜ್ಜಿಯೊಬ್ಬರು ಒಮ್ಮೆ ಆ ಚೀಟಿಯನ್ನು ಓದಿಸಿಕೊಂಡು, “ಸಾಹೇಬ್ರ, ನಿಮ್ಮ ಹಿತ್ತಲದಾಗ ಯಾವ್ಯಾವ ತಪ್ಪಲ ಹಾಕೀರಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕೆಲವು ವರ್ಷಗಳ ತರುವಾಯ ನಮಗೇ ಮಧುಮೇಹ ಕಾಣಿಸಿಕೊಂಡಿತು. ಆಗ ಅರ್ಧ ಹಿತ್ತಲಿನ ಸಿಮೆಂಟು ಒಡೆಸಿ, ಮಣ್ಣು ಗೊಬ್ಬರ ಹಾಕಿಸಿ, ಬೀಜ ಊರಿದೆವು. ಮೊದಲ ಬೆಳೆ ಬಂದ ಸಂಜೆ ಬುಟ್ಟಿತುಂಬ ಸೊಪ್ಪನ್ನು ಅಡುಗೆಮನೆಯಲ್ಲಿಟ್ಟು, ಇನ್ನು ಮುಂದೆ ನಿತ್ಯವೂ ಇದೇ ಎಂದೆವು. ನಮ್ಮ ಮನೆಯವರು ಬುಟ್ಟಿಯನ್ನೊಮ್ಮೆ ನೋಡಿ, “ಹೇಳೂದು ಹಗೂರ ಐತ್ರಿ. ಸೋಸವ್ರು ಯಾರು?” ಎಂದರು. ಅಷ್ಟು ವರ್ಷ ನಾವು ಬರೆದ ಒಂದೊಂದು ಚೀಟಿಯೂ ಯಾವುದೋ ಮನೆಯ ಹೆಣ್ಣುಮಗಳಿಗೆ ಒಂದು ಗಂಟೆಯ ಕೆಲಸವನ್ನು ಬರೆದುಕೊಟ್ಟಿತ್ತೆಂಬುದು ಅಂದು ಹೊಳೆಯಿತು. ಅಂದಿನಿಂದ ಸೊಪ್ಪು ಕೊಯ್ಯುವುದು, ಸೋಸುವುದು, ತೊಳೆಯುವುದು ನಮ್ಮ ಪಾಲಿನ ಕಾಯಕವಾಗಿದೆ.

ಚರಕಸಂಹಿತೆಯ ವಿಮಾನಸ್ಥಾನವು ಆಹಾರವನ್ನು ಎಂಟು ನೆಲೆಗಳಿಂದ ನೋಡಬೇಕೆನ್ನುತ್ತದೆ: ಪದಾರ್ಥದ ಸಹಜಗುಣ, ಅದಕ್ಕೆ ಕೊಡುವ ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವವನು. ಅಂಗಡಿಯ ಸಿದ್ಧ ಆಹಾರದ ಪೊಟ್ಟಣದಲ್ಲಿ ಇವುಗಳಲ್ಲಿ ಬಹುಪಾಲು ಪರರ ಕೈಯಲ್ಲಿರುತ್ತವೆ. ಮನೆಯಲ್ಲಿ ಬೆಳೆದು ಮನೆಯಲ್ಲಿಯೇ ಬೇಯಿಸಿದಾಗ ಯಾವ ಋತುವಿನ ಸೊಪ್ಪು, ಎಷ್ಟು ಎಣ್ಣೆ, ಎಷ್ಟು ಉಪ್ಪು, ಯಾರಿಗೆ ಎಂಬುದೆಲ್ಲವೂ ನಮ್ಮ ಕೈಯಲ್ಲಿಯೇ ಉಳಿಯುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನೂ, ಕನಿಷ್ಠ 400 ಗ್ರಾಂ ಹಣ್ಣು-ತರಕಾರಿಗಳನ್ನೂ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದನ್ನು ಅಳೆದು ನಡೆಸಲು ಮನೆಯ ಒಲೆಯೇ ಅನುಕೂಲ.

ಸೊಪ್ಪನ್ನು ಬೇಯಿಸಿ, ನೀರು ಹಿಂಡಿ, ಸ್ನೇಹದ್ರವ್ಯದೊಡನೆ ಸೇವಿಸಬೇಕೆಂದು ನಮ್ಮ ಪ್ರಾಚೀನ ಗ್ರಂಥಗಳು ವಿಧಿಸುತ್ತವೆ. ರಾಜಗಿರಿ, ಪಾಲಕಗಳಲ್ಲಿ ಹೇರಳವಾಗಿರುವ ಆಕ್ಸಲೇಟು ಹೀಗೆ ನೀರು ಚೆಲ್ಲಿದಾಗ ತಗ್ಗುತ್ತದೆ. ನುಗ್ಗೆ, ಮೆಂತೆಗಳನ್ನಾದರೋ ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಯಿಸುವುದು ಲೇಸು. ನೀರಿನಲ್ಲಿ ಕರಗುವ ಸಿ ಜೀವಸತ್ವವು ಕೆಲಮಟ್ಟಿಗಾದರೂ ಉಳಿಯುತ್ತದೆ. ಕೊಯ್ದ ಸೊಪ್ಪಿನಲ್ಲಿ ಈ ಜೀವಸತ್ವವು ದಿನದಿಂದ ದಿನಕ್ಕೆ ಕುಂದುವುದರಿಂದ ಹಿತ್ತಲಿನ ಸೊಪ್ಪಿಗೆ ಹೆಚ್ಚಿನ ಬೆಲೆ. ಒಗ್ಗರಣೆಯ ಎಣ್ಣೆಯು ಎ ಜೀವಸತ್ವದ ಮೂಲಾಂಶವನ್ನೂ, ಕೊನೆಗೆ ಹಿಂಡಿದ ನಿಂಬೆರಸವು ಕಬ್ಬಿಣಾಂಶವನ್ನೂ ದೇಹಕ್ಕೆ ಒಗ್ಗಿಸುತ್ತವೆ. ಊಟದ ಜೊತೆಗೆ ಕುಡಿಯುವ ಚಹಾ ಕಬ್ಬಿಣಾಂಶಕ್ಕೆ ಅಡ್ಡಿ. ಒಂದು ಗಂಟೆಯ ಅಂತರವಿರಲಿ.

ನಾಲ್ವರಿಗೆ ನುಗ್ಗೆಸೊಪ್ಪಿನ ಪಲ್ಯ ಹೀಗೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿರಿ. ಎರಡು ಚಮಚ ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿಗಳ ಒಗ್ಗರಣೆ ಮಾಡಿ, ಬೇಳೆಯನ್ನೂ ಅರ್ಧ ಬಟ್ಟಲು ನೀರನ್ನೂ ಹಾಕಿರಿ. ಬೇಳೆ ಅರೆಬೆಂದಾಗ ಸೋಸಿ ತೊಳೆದ ನಾಲ್ಕು ಹಿಡಿ ಎಳೆಸೊಪ್ಪು ಬೆರೆಸಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿರಿ. ಉಪ್ಪು ಹಾಕಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಬಿಸಿ ಜೋಳದ ರೊಟ್ಟಿ, ಮೊಸರು ಜೊತೆಗಿದ್ದರೆ ಬೇರೇನೂ ಬೇಡ.

ಹಿತ್ತಲಿಲ್ಲದ ನಗರವಾಸಿಗಳಿಗೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಮಹಡಿಯ ಮೂಲೆ ಸಾಕು. ಅರ್ಧ ಅಡಿ ಆಳದ, ತಳಕ್ಕೆ ತೂತುಳ್ಳ ಹಳೆಯ ಡಬ್ಬಿಯಲ್ಲಿ ಅಡುಗೆಮನೆಯ ಮೆಂತೆಕಾಳನ್ನೇ ಬಿತ್ತಿದರೆ ಸುಮಾರು 25 ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಬಸಳೆ, ದೊಡ್ಡಪತ್ರೆಗಳು ತುಂಡು ಕಾಂಡವನ್ನು ಊರಿದರೂ ಚಿಗುರುತ್ತವೆ. ಅಕ್ಕಿ, ಬೇಳೆ ತೊಳೆದ ನೀರನ್ನು ಇವಕ್ಕೆ ಹಾಕಬಹುದು.

ಎಚ್ಚರಿಕೆಯ ಮಾತೂ ಉಂಟು. ಮೂತ್ರಪಿಂಡದಲ್ಲಿ ಕಲ್ಲು ಇರುವವರು, ಮೂತ್ರಪಿಂಡ ದುರ್ಬಲವಾಗಿರುವವರು ತಮ್ಮ ವೈದ್ಯರನ್ನು ಕೇಳಿಯೇ ಸೊಪ್ಪನ್ನು ಆರಿಸಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು, ತಗ್ಗಿಸಲೂಬಾರದು. ಪಲ್ಯವನ್ನು ನೆಚ್ಚಿ ಮಧುಮೇಹದ ಮಾತ್ರೆಯನ್ನು ಯಾರೂ ಬಿಡಬೇಡಿರಿ. ನಮ್ಮ ಮಾತ್ರೆಯೂ ನಿಂತಿಲ್ಲ. ಅದರ ಪ್ರಮಾಣ ಹೆಚ್ಚಿಲ್ಲವೆಂಬುದೇ ನಮಗೆ ಸಮಾಧಾನ.

ಆ ಅಜ್ಜಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಬಂದಿದ್ದರೆ, ಪುಂಡಿ, ರಾಜಗಿರಿ, ಮೆಂತೆ, ಹೊಸದಾಗಿ ನೆಟ್ಟ ನುಗ್ಗೆ ಎಂದು ಹೆಸರಿಟ್ಟು ಹೇಳುತ್ತಿದ್ದೆವು. ಭಕ್ತರೆಲ್ಲರೂ ಈ ತಿಂಗಳು ಒಂದು ಡಬ್ಬಿ ಮೆಂತೆ ಬಿತ್ತಿರಿ. ಅದು ಕೊಯ್ಲಿಗೆ ಬರುವ ತನಕ ಕಾಯದೆ, ಸಂತೆಯಿಂದ ತಂದ ಸೊಪ್ಪನ್ನಾದರೂ ಇಂದು ಸಂಜೆ ಸೋಸುವವರ ಪಕ್ಕದಲ್ಲಿ ಕುಳಿತು ಸೋಸಿರಿ. ಶರಣು ಶರಣಾರ್ಥಿಗಳು.