ತಂಪು ಮನೆಯೂ ಮೂಕ ಫೋನೂ

ಕಲಬುರಗಿಯಲ್ಲಿ ನನ್ನ ಮಗ ಕಟ್ಟಿಸಿದ ಹೊಸ ಮನೆಗೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಹೊರಗೆ ಬಿಸಿಲು 40 ಡಿಗ್ರಿಯನ್ನು ದಾಟಿದ್ದರೂ ಒಳಗೆ ಹಿತವಾದ ತಂಪು. ಛಾವಣಿಯ ಕೆಳಗೆ ಅಲ್ಯೂಮಿನಿಯಂ ಹಾಳೆಯ ಹೊದಿಕೆ. ಕಿಟಕಿಗಳಿಗೆ ಲೋಹಲೇಪವುಳ್ಳ ಜೋಡಿ ಗಾಜು. ಅದೇ ರಾತ್ರಿ ಧಾರವಾಡದಲ್ಲಿ ನನ್ನ ಅಕ್ಕನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಸೋದರಳಿಯ ಹನ್ನೊಂದು ಸಲ ಕರೆ ಮಾಡಿದನಂತೆ. ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಇದ್ದಿತು. ಒಮ್ಮೆಯೂ ಸದ್ದು ಮಾಡಲಿಲ್ಲ. ಬೆಳಗ್ಗೆ ಅಂಗಳಕ್ಕಿಳಿದಾಗ ಸಂದೇಶಗಳೆಲ್ಲ ಒಮ್ಮೆಗೇ ಬಂದು ಬಿದ್ದವು.

ಅಕ್ಕ ಗುಣವಾದಳು. ಆದರೆ ಅಂಗಳದಲ್ಲಿ ದೊರೆತ ಸಂಪರ್ಕ ಹತ್ತು ಹೆಜ್ಜೆ ಒಳಗೆ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡದ ಮೇಷ್ಟರಾದ ನಾನು ಭೌತಶಾಸ್ತ್ರದ ಗೆಳೆಯರನ್ನು ಕಾಡಿ ತಿಳಿದುಕೊಂಡುದು ಇಷ್ಟು.

ಬೆಳಕು, ಶಾಖದ ಕಿರಣ, ಫೋನಿನ ಅಲೆ ಇವು ಮೂರೂ ಒಂದೇ ಕುಲದವು. ಕಂಪನದ ವೇಗ ಮಾತ್ರ ಬೇರೆ. ಬೆಳಕು ಸೆಕೆಂಡಿಗೆ ಸುಮಾರು 500 ಲಕ್ಷ ಕೋಟಿ ಸಲ ಕಂಪಿಸಿದರೆ, 1800 ಮೆಗಾಹರ್ಟ್ಸ್‌ನ ಫೋನಿನ ಅಲೆ 180 ಕೋಟಿ ಸಲ. ಗಾಜಿನ ಮೇಲಿನ ಬೆಳ್ಳಿಯ ಲೇಪ ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳು. ಅದರೊಳಗಿನ ಇಲೆಕ್ಟ್ರಾನುಗಳು ನಿಧಾನದ ಅಲೆಗಳಿಗೆ ತಕ್ಕಂತೆ ತೂಗಾಡಿ ಅವುಗಳನ್ನು ಹಿಂದಕ್ಕೆ ಅಟ್ಟುತ್ತವೆ. ಬೆಳಕಿನ ಓಟಕ್ಕೆ ಸಮನಾಗಲಾರದೆ ಅದನ್ನು ಬಹುಪಾಲು ಒಳಬಿಡುತ್ತವೆ. ಶಾಖವನ್ನು ತಡೆಯುವ ಗುಣವೇ ಕರೆಯನ್ನೂ ತಡೆಯುವ ಗುಣವಾಯಿತು. ಲೋಹದ ತಗಡಿನಿಂದ ಇಂತಹ ಅಲೆಗಳು ಪ್ರತಿಫಲಿಸುವುದನ್ನು ಹರ್ಟ್ಸ್ ಮಹಾಶಯನು 1888ರಲ್ಲಿಯೇ ತೋರಿಸಿದ್ದನು.

ಬರಿಯ ಗಾಜು ಅಲೆಯನ್ನು ಕುಗ್ಗಿಸುವುದು ಕೆಲವೇ ಡೆಸಿಬೆಲ್. ಲೇಪದ ಗಾಜಿನಲ್ಲಿ ಅದು 20ರಿಂದ 30ರವರೆಗೂ ಹೋಗುತ್ತದೆ. 20 ಎಂದರೆ ಒಳಬರುವುದು ನೂರರಲ್ಲೊಂದು ಪಾಲು, 30 ಎಂದರೆ ಸಾವಿರದಲ್ಲೊಂದು. ನಮ್ಮ ಹಳೆಯ ಮನೆಯ ಎರಡಡಿ ದಪ್ಪದ ಕಲ್ಲುಗೋಡೆಯೂ ಅಲೆಗಳನ್ನು ನುಂಗುತ್ತಿದ್ದಿತೆಂಬುದು ನಿಜ; ಆದರೆ ಅಲ್ಲಿ ತೆರೆದ ಕಿಟಕಿಯೇ ಅವುಗಳಿಗೆ ಹೆಬ್ಬಾಗಿಲಾಗಿದ್ದಿತು. ಸಂಪರ್ಕ ಕ್ಷೀಣವಾದಾಗ ಫೋನು ಹೆಚ್ಚು ಶಕ್ತಿ ವ್ಯಯಿಸಿ ಗೋಪುರವನ್ನು ಕೂಗುವುದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತದೆ.

ಹಾಗೆಂದು ಗಾಜನ್ನು ಕಿತ್ತೊಗೆಯಬೇಕೆ? ನಾನು ಒಪ್ಪುವುದಿಲ್ಲ. ಕೇಂದ್ರ ವಿದ್ಯುತ್ ಸಚಿವಾಲಯದ 2018ರ ‘ಇಕೋ ನಿವಾಸ ಸಂಹಿತೆ’ ಮನೆಯೊಳಗೆ ಬರುವ ಶಾಖಕ್ಕೆ ಮಿತಿ ಹೇಳಿದುದು ಯೋಗ್ಯವೇ. ನಮ್ಮ ಸೀಮೆಯ ಬೇಸಿಗೆಯನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರೈಲಿನ ಕಿಟಕಿಗಳಿಗೂ ಇದೇ ತೊಡಕು ಬಂದಾಗ, ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯದವರು ಲೇಸರಿನಿಂದ ಲೇಪದಲ್ಲಿ ಸೂಕ್ಷ್ಮ ಗೆರೆಗಳನ್ನು ಕೊರೆದು ಅಲೆಗಳಿಗೆ ದಾರಿಮಾಡಿದರು. ಶಾಖದ ತಡೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಅಂಗಡಿಯವನೊಬ್ಬ ಮಗನಿಗೆ ಬೂಸ್ಟರ್ ಕೊಳ್ಳಲು ಹೇಳಿದನಂತೆ. ಪರವಾನಗಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ನೆರೆಹೊರೆಯವರ ಸಂಪರ್ಕವನ್ನೂ ಅದು ಕೆಡಿಸೀತು. ನಾವು ಹಿಡಿದುದು ವೈಫೈ ಕರೆಯ ಮಾರ್ಗ. 2019ರ ಡಿಸೆಂಬರಿನಿಂದ ನಮ್ಮ ದೇಶದಲ್ಲಿ ಬಳಕೆಗೆ ಬಂದಿರುವ ಈ ಸೌಕರ್ಯದಲ್ಲಿ ಕರೆಯು ಗೋಪುರದ ಬದಲು ಮನೆಯ ಇಂಟರ್ನೆಟ್ ತಂತಿಯ ಮೂಲಕ ಬರುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದರಾಯಿತು. ಮೊದಲ ವಾರದಲ್ಲೇ ಕರೆಂಟು ಹೋಗಿ ಫೋನು ಮತ್ತೆ ಮೂಕವಾಯಿತು. ರೌಟರನ್ನು ಇನ್‌ವರ್ಟರಿಗೆ ಜೋಡಿಸಲು ನಾವು ಮರೆತಿದ್ದೆವು. ಈಗ ಜೋಡಿಸಿದ್ದೇವೆ. ಅಕ್ಕ ದಿನವೂ ರಾತ್ರಿ ಒಂಬತ್ತಕ್ಕೆ ಒಮ್ಮೆ ಕರೆ ಮಾಡಿ ಪರೀಕ್ಷಿಸುತ್ತಾಳೆ.