ಕಾರಿನೊಳಗೆ ತಂತಿಯ ಶಿಸ್ತು

ಅಂಕೋಲೆಯಿಂದ ಯಲ್ಲಾಪುರದ ಮೇಲೆ ಹಾದು ಹುಬ್ಬಳ್ಳಿಯನ್ನು ಸೇರುವ, ಹಿಂದೆ 63ನೆಯದೆಂದೂ ಈಗ 52ನೆಯದೆಂದೂ ಎಣಿಸಲ್ಪಡುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಅರಬೈಲು ಘಟ್ಟದ ಆಸುಪಾಸಿನ ಊರಾದ ಇಡಗುಂದಿಯ ಸುತ್ತಮುತ್ತ ಕಾರು ನಡೆಸುವವರಿಗೆ ಮಳೆಗಾಲದ ಮಂಜು, ಕಡಿದಾದ ತಿರುವು, ಎದುರಿನಿಂದ ಬರುವ ಭಾರದ ಲಾರಿ ಇವು ಮೂರೂ ನಿತ್ಯಪರಿಚಿತವಾದವು. ಇಂತಹ ಮಾರ್ಗದಲ್ಲಿ ಅಪಘಾತವೊಂದು ಸಂಭವಿಸಿದಾಗ ತಪ್ಪು ಯಾರದೆಂಬುದಕ್ಕೆ ನಿಷ್ಪಕ್ಷಪಾತವಾದ ಸಾಕ್ಷಿಯಿರಲೆಂದು ಮುಂಗಾಜಿಗೆ ಡ್ಯಾಶ್‌ಕ್ಯಾಮ್ ಅಂಟಿಸಿಕೊಳ್ಳುವ ರೂಢಿ ಈಚಿನ ವರ್ಷಗಳಲ್ಲಿ ಬೆಳೆಯುತ್ತಿದೆ. ಆದರೆ ಅದರ ತಂತಿಯು ಲೈಟರ್ ಸಾಕೆಟ್ಟಿನಿಂದ ಹೊರಟು, ಗೇರ್ ಲಿವರನ್ನು ಬಳಸಿ, ಸ್ಟೀರಿಂಗಿನ ಪಕ್ಕದಲ್ಲಿ ಜೋತುಬಿದ್ದು ಗಾಜನ್ನೇರುವ ದೃಶ್ಯವನ್ನು ಅನೇಕ ಕಾರುಗಳಲ್ಲಿ ಕಾಣಬಹುದು. ರಕ್ಷಣೆಗೆಂದು ತಂದ ಉಪಕರಣವೇ ಚಾಲಕನ ಕೈಗೆ ತೊಡಕಾಗುವ ಈ ಅವ್ಯವಸ್ಥೆಯನ್ನು ತಪ್ಪಿಸಿ, ತಂತಿಯನ್ನು ಒಳಭಾಗದಲ್ಲಿ ಮರೆಮಾಡಿ ಫ್ಯೂಸ್ ಪೆಟ್ಟಿಗೆಗೆ ಶಾಶ್ವತವಾಗಿ ಜೋಡಿಸುವ ಕ್ರಮವನ್ನು ಈ ಅಧ್ಯಾಯದಲ್ಲಿ ವಿವರಿಸಲಾಗುವುದು. ಅಚ್ಚುಕಟ್ಟೆಂಬುದು ಇಲ್ಲಿ ಅಲಂಕಾರವಲ್ಲ; ಅದು ಸುರಕ್ಷತೆಯದೇ ಒಂದು ಅಂಗ.

ರೇಡಾರ್ ಪತ್ತೆಯಂತ್ರ

ಗಾಜಿನ ಮೇಲ್ಭಾಗದಲ್ಲಿ ಕುಳಿತು ಅಲ್ಪ ವಿದ್ಯುತ್ತಿನಿಂದ ನಡೆಯುವ ಇಂತಹ ಉಪಕರಣಗಳಲ್ಲಿ ಡ್ಯಾಶ್‌ಕ್ಯಾಮಿಗಿಂತ ಮೊದಲೇ ಪ್ರಚಾರಕ್ಕೆ ಬಂದುದು ಪಾಶ್ಚಾತ್ಯ ದೇಶಗಳ ರೇಡಾರ್ ಪತ್ತೆಯಂತ್ರ. ಚಲಿಸುವ ಮೂಲದಿಂದ ಬರುವ ತರಂಗದ ಆವರ್ತನವು ವ್ಯತ್ಯಾಸಗೊಳ್ಳುತ್ತದೆಂಬ ತತ್ತ್ವವನ್ನು ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಪ್ರತಿಪಾದಿಸಿದನು. ಪೊಲೀಸರ ವೇಗಮಾಪಕ ರೇಡಾರಿಗೆ ಆಧಾರವಾದುದು ಅದೇ ತತ್ತ್ವ: ಸೆಕೆಂಡಿಗೆ 2,415 ಕೋಟಿ ಆವರ್ತನದ ತರಂಗವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಬರುತ್ತಿರುವ ಕಾರಿಗೆ ತಾಗಿ ಹಿಂದಿರುಗುವಾಗ ಆ ಆವರ್ತನವು ಸುಮಾರು 2,680ರಷ್ಟು ಹೆಚ್ಚುತ್ತದೆ. ಆ ಹೆಚ್ಚಳವನ್ನು ಅಳೆದು ವೇಗವನ್ನು ತಿಳಿಯುತ್ತಾರೆ. ಆ ತರಂಗವನ್ನು ದೂರದಿಂದಲೇ ಗ್ರಹಿಸಿ ಚಾಲಕನನ್ನು ಎಚ್ಚರಿಸುವುದು ಪತ್ತೆಯಂತ್ರದ ಕಾರ್ಯ. ಅಮೆರಿಕೆಯ ಬಹುತೇಕ ರಾಜ್ಯಗಳು ಖಾಸಗಿ ಕಾರುಗಳಲ್ಲಿ ಇದನ್ನು ಬಳಸಗೊಟ್ಟರೂ ವರ್ಜೀನಿಯಾ ರಾಜ್ಯವೂ ಫ್ರಾನ್ಸ್, ಜರ್ಮನಿ ಮುಂತಾದ ದೇಶಗಳೂ ನಿಷೇಧಿಸಿವೆ. ನಮ್ಮಲ್ಲಿಯಾದರೋ ವೇಗವನ್ನು ಲೇಸರ್ ಗನ್ನುಗಳಿಂದಲೂ ಕ್ಯಾಮೆರಾಗಳಿಂದಲೂ ಅಳೆಯುವ ಪದ್ಧತಿ ಹರಡುತ್ತಿದ್ದು, ರೇಡಾರ್ ತರಂಗವನ್ನು ಮಾತ್ರ ಗ್ರಹಿಸುವ ಯಂತ್ರಕ್ಕೆ ಲೇಸರ್ ಕಿರಣವು ಗೋಚರವಾಗದು. ಘಟ್ಟದ ದಾರಿಯಲ್ಲಿ ಪ್ರಾಣವನ್ನು ಕಾಯುವುದು ಮಿತವಾದ ವೇಗವೇ ಹೊರತು ದಂಡವನ್ನು ತಪ್ಪಿಸುವ ಯಂತ್ರವಲ್ಲವಾದುದರಿಂದ, ನಮ್ಮ ವಾಚಕರಿಗೆ ಉಪಯುಕ್ತವಾದುದು ಡ್ಯಾಶ್‌ಕ್ಯಾಮೇ. ತಂತಿಜೋಡಣೆಯ ವಿಧಾನ ಎರಡಕ್ಕೂ ಬಹುಮಟ್ಟಿಗೆ ಒಂದೇ.

ವಿದ್ಯುತ್ತಿನ ಲೆಕ್ಕ

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವಾಗ ಅದು ಸುಮಾರು 12.6 ವೋಲ್ಟನ್ನೂ, ಎಂಜಿನ್ ನಡೆಯುತ್ತಿರುವಾಗ ಸುಮಾರು 14 ವೋಲ್ಟನ್ನೂ ತೋರಿಸುತ್ತದೆ. ಡ್ಯಾಶ್‌ಕ್ಯಾಮಿಗೆ ಸಾಮಾನ್ಯವಾಗಿ ಬೇಕಾದುದು 5 ವೋಲ್ಟ್ ಮಾತ್ರವಾದುದರಿಂದ, ಒತ್ತಡವನ್ನು ಇಳಿಸುವ ಚಿಕ್ಕ ಪೆಟ್ಟಿಗೆಯೊಂದನ್ನುಳ್ಳ ಜೋಡಣೆಯ ಕಿಟ್ಟನ್ನು ಬಳಸತಕ್ಕದ್ದು. ನೇರವಾಗಿ 12 ವೋಲ್ಟ್ ಕೊಟ್ಟಲ್ಲಿ ಕ್ಯಾಮೆರಾ ಸುಟ್ಟುಹೋಗುತ್ತದೆ.

ಫ್ಯೂಸ್ ಪೆಟ್ಟಿಗೆಯಲ್ಲಿ ಕೆಲವು ಫ್ಯೂಸುಗಳಿಗೆ ಸದಾಕಾಲ ವಿದ್ಯುತ್ತಿದ್ದರೆ ಮತ್ತೆ ಕೆಲವಕ್ಕೆ ಕೀಲಿಯನ್ನು ತಿರುಗಿಸಿದಾಗ ಮಾತ್ರ ಬರುತ್ತದೆ. ಈ ಭೇದವನ್ನರಿಯದೆ ಸದಾ ವಿದ್ಯುತ್ತಿರುವಲ್ಲಿಗೆ ತಂತಿ ಸೇರಿಸಿದರೆ ಆಗುವುದೇನೆಂಬುದನ್ನು ಲೆಕ್ಕಹಾಕಿ ನೋಡಬಹುದು. ಉಪಕರಣವು ಎಡೆಬಿಡದೆ ಕಾಲು ಆಂಪಿಯರ್ ಹೀರುತ್ತಿದೆಯೆನ್ನೋಣ. ದಿನವೊಂದಕ್ಕೆ 6 ಆಂಪಿಯರ್-ಗಂಟೆ ವ್ಯಯವಾಗಿ, ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರೇ ದಿನಗಳಲ್ಲಿ ಅರ್ಧ ಬರಿದಾಗುತ್ತದೆ. ಮಳೆ ಹಿಡಿದು ವಾರಗಟ್ಟಲೆ ಕಾರು ಕೊಟ್ಟಿಗೆಯಿಂದ ಹೊರಡದ ನಮ್ಮ ಕಡೆಯಲ್ಲಿ ಇದು ಅಲಕ್ಷಿಸುವ ಮಾತಲ್ಲ. ಆದಕಾರಣ ಕೀಲಿಯನ್ನವಲಂಬಿಸಿದ ಫ್ಯೂಸನ್ನೇ ಆರಿಸಿಕೊಳ್ಳುವುದು ಉಚಿತ. ನಿಂತಾಗಲೂ ಕಾವಲು ಬೇಕೆನ್ನುವವರು, ಒತ್ತಡವು 12.2 ವೋಲ್ಟಿನ ಸುಮಾರಿಗೆ ಇಳಿದೊಡನೆ ತಾನಾಗಿ ಸಂಪರ್ಕ ಕಡಿಯುವ ಕಿಟ್ಟನ್ನು ಕೊಳ್ಳಬೇಕು.

ಫ್ಯೂಸು

ಈ ಕೆಲಸದಲ್ಲಿ ಅತ್ಯಂತ ಗೌರವದಿಂದ ಕಾಣಬೇಕಾದ ವಸ್ತುವೆಂದರೆ ಫ್ಯೂಸು. ತಂತಿಯ ಹೊದಿಕೆ ಎಲ್ಲಿಯೋ ಸವೆದು ತಾಮ್ರವು ಕಾರಿನ ಲೋಹಕ್ಕೆ ತಗುಲಿದಾಗ ಮಿತಿಮೀರಿದ ಪ್ರವಾಹ ಹರಿದು ತಂತಿ ಕಾಯ್ದು ಬೆಂಕಿ ಹೊತ್ತುವುದಕ್ಕೆ ಮುಂಚಿತವಾಗಿ, ತಾನು ಕರಗಿ ದಾರಿಯನ್ನು ಕಡಿಯುವುದು ಅದರ ಧರ್ಮ. ಹಳೆಯ ಫ್ಯೂಸಿನ ಕಾಲಿಗೆ ತಂತಿಯ ತುದಿಯನ್ನು ಸುತ್ತಿ ಮತ್ತೆ ಒತ್ತಿಬಿಡುವ ಕೆಲಸವನ್ನು ಎಂದಿಗೂ ಮಾಡಲಾಗದು. ಅಂಗಡಿಯಲ್ಲಿ ದೊರೆಯುವ ಫ್ಯೂಸ್ ಟ್ಯಾಪಿನಲ್ಲಿ ಎರಡು ಗೂಡುಗಳಿವೆ: ಒಂದರಲ್ಲಿ ಮೊದಲಿದ್ದ ಫ್ಯೂಸು, ಇನ್ನೊಂದರಲ್ಲಿ ಹೊಸ ಉಪಕರಣಕ್ಕೆಂದು 2 ಅಥವಾ 3 ಆಂಪಿಯರಿನ ಚಿಕ್ಕ ಫ್ಯೂಸು. ಟ್ಯಾಪನ್ನು ಕೂಡಿಸುವಾಗ ಎರಡು ಗೂಡುಗಳಿಗೂ ಸಮಾನವಾದ ಕಾಲು ಪೆಟ್ಟಿಗೆಯ ವಿದ್ಯುತ್ ಬರುವ ಬದಿಗೇ ಇರಬೇಕು. ತಿರುವುಮುರುವಾದರೆ ಹೊಸ ಪ್ರವಾಹವೂ ಹಳೆಯ ಫ್ಯೂಸಿನ ಮೂಲಕವೇ ಹಾದು ಅದರ ಹೊರೆಯನ್ನು ಹೆಚ್ಚಿಸುತ್ತದೆ. ಏರ್‌ಬ್ಯಾಗ್, ಬ್ರೇಕು, ಎಂಜಿನ್ ನಿಯಂತ್ರಣ ಇವುಗಳ ಫ್ಯೂಸುಗಳನ್ನು ಮುಟ್ಟದೆ, ಲೈಟರ್ ಸಾಕೆಟ್ಟಿನಂತಹ ನಿರಪಾಯವಾದುದನ್ನು ಆರಿಸಿಕೊಳ್ಳುವುದು ವಿವೇಕ.

ದಾರಿ ಮತ್ತು ಅರ್ಥ್

ಕ್ಯಾಮೆರಾವು ನೋಟಕ್ಕೆ ಅಡ್ಡಬಾರದಂತೆ ಒಳಗನ್ನಡಿಯ ಹಿಂದೆ ಕುಳಿತಿರಲಿ. ಅಲ್ಲಿಂದ ತಂತಿಯನ್ನು ಮೇಲ್ಛಾವಣಿಯ ಹೊದಿಕೆಯ ಅಂಚಿನೊಳಗೆ ಬೆರಳಿನಿಂದಲೋ ಪ್ಲಾಸ್ಟಿಕ್ ಪಟ್ಟಿಯಿಂದಲೋ ಮೆಲ್ಲನೆ ತೂರಿಸುತ್ತ ಮುಂಗಾಜಿನ ಪಕ್ಕದ ಕಂಬದವರೆಗೆ ಒಯ್ಯಬೇಕು. ಇಲ್ಲಿ ಒಂದು ಗಳಿಗೆ ನಿಲ್ಲುವುದು ಅವಶ್ಯ; ಏಕೆಂದರೆ ಕರ್ಟನ್ ಏರ್‌ಬ್ಯಾಗುಳ್ಳ ಕಾರುಗಳಲ್ಲಿ ಆ ಚೀಲವು ಛಾವಣಿಯ ಅಂಚಿನಲ್ಲಿಯೂ ಈ ಕಂಬದ ಹೊದಿಕೆಯೊಳಗೂ ಮಡಿಚಿಕೊಂಡಿದ್ದು, ತಂತಿಯು ಅದರ ಮುಂದುಗಡೆಯಿಂದ ಹಾದಲ್ಲಿ ಚೀಲ ಬಿಚ್ಚಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ತಂತಿಯು ಚೀಲದ ಹಿಂಬದಿಯಿಂದಲೇ, ಕಾರಿನ ಮೂಲ ತಂತಿಗಳೊಡನೆ ಇಳಿಯಬೇಕು. ಈ ಭಾಗದಲ್ಲಿ ಅನುಭವವಿಲ್ಲದವರು ಬಲ್ಲ ಎಲೆಕ್ಟ್ರಿಷಿಯನ್ನನ ಕೈಗೆ ಕೆಲಸವನ್ನೊಪ್ಪಿಸುವುದು ಶ್ರೇಯಸ್ಕರ. ಬಳಿಕ ಬಾಗಿಲಿನ ರಬ್ಬರ್ ಬೀಡಿಂಗಿನ ಒಳಮೈಯಲ್ಲಿ ಕೆಳಗಿಳಿದು ಫ್ಯೂಸ್ ಪೆಟ್ಟಿಗೆಯನ್ನು ಸೇರಿದ ತಂತಿಯನ್ನು, ಬಿಸಿಲಿಗೆ ಅಂಟು ಕರಗಿ ಜಾರುವ ಪ್ಲಾಸ್ಟಿಕ್ ಟೇಪಿನ ಬದಲು ಬಟ್ಟೆಯ ಟೇಪಿನಿಂದ ಸುತ್ತಿ, ಪೆಡಲುಗಳಿಗೂ ಸ್ಟೀರಿಂಗ್ ದಂಡಕ್ಕೂ ತಾಗದಂತೆ ಬಿಗಿಯತಕ್ಕದ್ದು.

ಕಪ್ಪು ತಂತಿಯು ಸೇರಬೇಕಾದುದು ಕಾರಿನ ಲೋಹಕ್ಕೆ. ಬಣ್ಣ ಬಳಿದ ಮೈಮೇಲಾಗಲಿ ಪ್ಲಾಸ್ಟಿಕ್ಕಿಗೆ ತಿರುಪಿದ ಸ್ಕ್ರೂವಿಗಾಗಲಿ ಕಟ್ಟಿದ ಅರ್ಥ್ ನಿರರ್ಥಕ. ಶುದ್ಧ ಲೋಹಕ್ಕೆ ಕೂಡಿಕೊಂಡ ಬೋಲ್ಟಿಗೆ ಉಂಗುರದ ತುದಿಯನ್ನು ಬಿಗಿದು, ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯದಂತೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಅಡಕೆಯ ಅಂಗಳದ ಬದಿಯಲ್ಲಿ ಕಾರು ನಿಲ್ಲಿಸುವವರು, ಇಲಿ ಕಡಿದ ಗುರುತುಗಳುಂಟೇ ಎಂದು ಆಗಾಗ ಪರೀಕ್ಷಿಸುವುದೂ ಒಳ್ಳೆಯದು.

ಕೆಲಸಕ್ಕೆ ತೊಡಗುವ ಮುನ್ನ ಕೀಲಿಯನ್ನು ತೆಗೆದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿರಿ. ಮುಗಿದ ಬಳಿಕ ಅದನ್ನು ಕೂಡಿಸಿ, ಕೀಲಿ ತಿರುಗಿಸಿದಾಗ ಉಪಕರಣವು ಬೆಳಗುವುದನ್ನೂ ತೆಗೆದಾಗ ಆರುವುದನ್ನೂ ಕಣ್ಣಾರೆ ಕಾಣಿರಿ. ವಾರಂಟಿಯ ಅವಧಿಯಿನ್ನೂ ಮುಗಿಯದ ಕಾರಾದರೆ ಸರ್ವೀಸ್ ಕೇಂದ್ರದ ಅಭಿಪ್ರಾಯವನ್ನು ಮೊದಲೇ ಕೇಳಿಕೊಳ್ಳಿರಿ. ಹತ್ತಾರು ರೂಪಾಯಿಯ ಫ್ಯೂಸನ್ನು ಉಳಿಸಹೋಗಿ ಲಕ್ಷಾಂತರದ ಕಾರನ್ನೂ ಅದರೊಳಗಿನ ಪ್ರಾಣಗಳನ್ನೂ ಅಪಾಯಕ್ಕೊಡ್ಡುವುದು ಯಾವ ಮಿತವ್ಯಯವೂ ಅಲ್ಲವೆಂಬುದನ್ನು ವಾಚಕರು ಮರೆಯಬಾರದು.