ಸ್ಕ್ಯಾನಿಂಗ್ ಹತ್ತು ನಿಮಿಷ, ಕಾಯೋದು ಇಡೀ ದಿನ!

ಹತ್ತು ನಿಮಿಷದ ಸ್ಕ್ಯಾನಿಂಗ್‌ಗೆ
ಇಡೀ ದಿನ ಯಾಕೆ ಹೋಗುತ್ತೆ?

ಗೆಟ್ಟವಾಡಿ ಅನ್ನೋ ಬೆಟ್ಟದೂರಿಂದ ಸ್ಕ್ಯಾನಿಂಗ್‌ಗೆ ಹೊರಟರೆ
ಒಂದೋ ಚಾಮರಾಜನಗರ,
ಇಲ್ಲಾ, ದಿಂಬಂ ಘಾಟಿ ಇಳಿದು ಸತ್ಯಮಂಗಲ.

ಆಸ್ಪತ್ರೇಲಿ ಚೀಟಿಗೊಂದು ಸಾಲು.
ದುಡ್ಡು ಕಟ್ಟೋಕೆ ಇನ್ನೊಂದು.
ಸ್ಕ್ಯಾನಿಂಗ್ ರೂಮಿನ ಮುಂದೆ ಮತ್ತೊಂದು.
ಕೊನೆಗೆ ಒಳಗೆ ಹೋದ್ರೆ,
"ಏನಮ್ಮಾ, ತಿಂಡಿ ತಿಂದ್ಬಿಟ್ರಾ?
ನಾಳೆ ಖಾಲಿ ಹೊಟ್ಟೇಲಿ ಬನ್ನಿ!"

ಹೊಸ ಮಷೀನ್ ತಂದ್ರೆ ಸರಿಹೋಗುತ್ತಾ?
ಅಷ್ಟು ಸುಲಭ ಅಲ್ಲ.

ದಿಂಬಂ ಘಾಟಿಯ 27 ತಿರುವು ಗೊತ್ತಲ್ಲ?
ಒಂದೇ ಒಂದು ತಿರುವಲ್ಲಿ ಲಾರಿ ಸಿಕ್ಕಿಹಾಕ್ಕೊಂಡ್ರೆ
ಹಿಂದಿರೋ ಕಾರು ಎಷ್ಟೇ ಹೊಸದಾಗಿರಲಿ,
ನಿಂತೇ ಇರಬೇಕು.
ಆಸ್ಪತ್ರೇಲೂ ಅಷ್ಟೇ.
ಲಾರಿ ಎಲ್ಲಿ ನಿಂತಿದೆ ಅಂತ ಮೊದಲು ನೋಡಬೇಕು.

ಹೀಗೆ ತಡೆ ಎಲ್ಲಿದೆ ಅಂತ ಹುಡುಕಿ ಸರಿಮಾಡೋ ಪದ್ಧತಿಗೆ ಲೀನ್ ಅಂತಾರೆ.
ಇದರ ಬೇರು, ಜಪಾನಿನ ಟೊಯೋಟಾ ಕಾರ್ಖಾನೆ.
ಅಲ್ಲಿನ ಎಂಜಿನಿಯರ್ ತೈಇಚಿ ಓನೋ
7 ಬಗೆಯ ಪೋಲನ್ನ ಪಟ್ಟಿ ಮಾಡಿದ್ರು.
ಕಾಯೋದೂ ಅದರಲ್ಲಿ ಒಂದು!

ಸರಿ, ಆಸ್ಪತ್ರೆಯವರು ಮಾಡೋದೇನು?
ಗೇಟಿಂದ ರಿಪೋರ್ಟ್ ಕೈಗೆ ಬರೋವರೆಗೆ
ರೋಗಿ ಜೊತೆ ನಡೀರಿ, ಗಡಿಯಾರ ನೋಡ್ಕೊಂಡು.
ಖಾಲಿ ಹೊಟ್ಟೆ ವಿಷಯ
ಚೀಟಿ ಬರೆಯುವಾಗಲೇ ಹೇಳಿ,
ಕನ್ನಡದಲ್ಲೂ, ತಮಿಳಲ್ಲೂ.
ಒಬ್ರು ಎಂಆರ್‌ಐ ಒಳಗಿರುವಾಗ
ಮುಂದಿನವರು ಒಡವೆ ಬಿಚ್ಚಿಟ್ಟು ರೆಡಿ ಇರಲಿ.
ದೂರದ ಬೆಟ್ಟದೂರಿನವರಿಗೆ ಬೆಳಗಿನ ಟೈಮ್ ಕೊಡಿ,
ಸಂಜೆ ಬಸ್ಸು ತಪ್ಪಬಾರದು.

ಅಂದಹಾಗೆ, ಟೆಕ್ನಿಷಿಯನ್‌ಗೆ "ಬೇಗ, ಬೇಗ" ಅನ್ನೋದು
ಲೀನ್ ಅಲ್ಲ. ಬರೀ ಕಾಟ.

ರೋಗಿಗಳೇ, ನೀವೂ ಒಂದು ಕೆಲಸ ಮಾಡಿ.
ಸ್ಕ್ಯಾನಿಂಗ್ ಬರೆದುಕೊಟ್ಟ ಕೂಡಲೇ ಕೇಳಿ:
ತಿಂದು ಬರಬಹುದಾ?
ನೀರು ಕುಡಿದು ಬರಬೇಕಾ?
ಹಳೇ ಸ್ಕ್ಯಾನಿಂಗ್ ಫಿಲ್ಮ್ ತರಬೇಕಾ?